ಚಿಕ್ಕಮ್ಮನ ಮರುಭೂಮಿಗೆ ಬಣ್ಣ ಬಂದದ್ದು

ಕೊಡಗಿನಲ್ಲಿ ಮರುಭೂಮಿಯನ್ನು ಕಂಡುಹಿಡಿದ ಕೀರ್ತಿ ಯಾರಿಗಾದರೂ ಸಲ್ಲಬೇಕಾದರೆ ಅದು ನಮ್ಮ ಚಿಕ್ಕಮ್ಮನಿಗೇ ಸಲ್ಲಬೇಕು.

ನಗಬೇಡಿ! ಕೊಡಗು ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಮಂಜು, ಕಾಫಿ ಹೂ, ಜಿಗಣೆ ಇಷ್ಟೇ ಬರುತ್ತವೆ ಎಂದು ನನಗೆ ಗೊತ್ತು. ರಜೆಗೆ ಬರುವವರೆಲ್ಲ ಮಂಜಿನ ಫೋಟೊ ತೆಗೆದುಕೊಂಡು, ಜಿಗಣೆಗಳಿಗೆ ಒಂದಿಷ್ಟು ರಕ್ತದಾನ ಮಾಡಿ ಹಿಂದಿರುಗುತ್ತಾರೆ. ಆದರೆ ಇದೇ ಜಿಲ್ಲೆಗೆ ಇನ್ನೊಂದು ಮುಖವೂ ಇದೆ. ನಮ್ಮ ಸೋಮವಾರಪೇಟೆಯ ಮೇಲೆ ಬಿಂದಿಗೆಗಟ್ಟಲೆ ಸುರಿದು ಸುಸ್ತಾದ ಮೋಡಗಳು ಕುಶಾಲನಗರ ದಾಟಿ ಶಿರಂಗಾಲದ ಕಡೆ ತಲುಪುವ ಹೊತ್ತಿಗೆ ಬರಿಗೈಯಾಗಿರುತ್ತವೆ. ಬಂದದ್ದಕ್ಕೆ ಎರಡು ಹನಿ ಉದುರಿಸಿ, ಮುಖ ತಿರುಗಿಸಿಕೊಂಡು ಹೋಗುತ್ತವೆ.

ಅಲ್ಲೂ ಒಳ್ಳೆಯ ಹೊಲಗಳಿವೆ. ಹಾಸನ, ಮೈಸೂರಿನ ಕಡೆಯಿಂದ ಬಂದು ನೆಲೆಸಿದ ರೈತರು ಜೋಳ, ರಾಗಿ, ಶುಂಠಿ ಬೆಳೆದು ಚೆನ್ನಾಗಿಯೇ ಇದ್ದಾರೆ. ಆದರೆ ನಮ್ಮ ಚಿಕ್ಕಮ್ಮ ಕೆಲಸದಿಂದ ನಿವೃತ್ತಳಾದ ಮೇಲೆ ಮನೆ ಕಟ್ಟಿಸಿದ್ದು ಆ ಹೊಲಗಳ ನಡುವೆ ಬೋಳುತಲೆಯ ಹಾಗೆ ಎದ್ದು ನಿಂತಿದ್ದ ಒಂದು ಕಲ್ಲುದಿಬ್ಬದ ಮೇಲೆ. ಕಾವೇರಿ ಅಲ್ಲೇ ಕೂಗಿದರೆ ಕೇಳುವಷ್ಟು ದೂರದಲ್ಲಿ ಹರಿಯುತ್ತಾಳೆ, ನಿಜ. ಆದರೆ ನಮ್ಮ ಚಿಕ್ಕಮ್ಮನಿಗೋಸ್ಕರ ದಿಬ್ಬ ಹತ್ತುವುದಕ್ಕೆ ಅವಳಿಗೇನು ತಲೆ ಕೆಟ್ಟಿದೆಯೇ?

ಗೃಹಪ್ರವೇಶದ ದಿನ ನಮ್ಮ ಅಮ್ಮ, ಅಂದರೆ ಚಿಕ್ಕಮ್ಮನ ಸ್ವಂತ ಅಕ್ಕ, ಬಾಗಿಲಲ್ಲಿ ನಿಂತು ಅಂಗಳವನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದಳು. ಜಲ್ಲಿ, ಕಲ್ಲು, ಒಣಗಿದ ಹುಲ್ಲು, ಮತ್ತೆ ಜಲ್ಲಿ. ಹಸಿರು ಎಲೆ ಅಂತ ಇದ್ದದ್ದು ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣದಲ್ಲಿ ಮಾತ್ರ. ಅದನ್ನೂ ನಾವೇ ಸೋಮವಾರಪೇಟೆಯಿಂದ ತಂದಿದ್ದೆವು.

"ಏನೇ ಇದು? ಒಂಟೆ ಯಾವಾಗ ತರಿಸ್ತೀಯಾ?" ಅಂದಳು ಅಮ್ಮ.

"ಒಂಟೆಗೂ ನನಗೂ ಸರಿಹೋಗ್ತದೆ ಅಕ್ಕ. ಇಬ್ಬರೂ ಯಾರ ಹತ್ತಿರಾನೂ ಏನೂ ಕೇಳಲ್ಲ," ಅಂದಳು ಚಿಕ್ಕಮ್ಮ.

ಈಗ ಚಿಕ್ಕಮ್ಮನ ಪರಿಚಯ ಮಾಡಿಕೊಡಬೇಕು. ಮೂವತ್ತು ಚಿಲ್ಲರೆ ವರ್ಷ ಪೊನ್ನಂಪೇಟೆಯ ಸುತ್ತಮುತ್ತಲ ಶಾಲೆಗಳಲ್ಲಿ ಪಿ.ಟಿ. ಟೀಚರಾಗಿದ್ದವಳು. ಎಲ್ಲರ ಬಾಯಲ್ಲೂ ಪೀಟಿ ಮಿಸ್. ಮದುವೆಯಾಗಲಿಲ್ಲ. ಬಾಡಿಗೆ ಕೋಣೆಯಲ್ಲಿದ್ದು, ರಜೆ ಬಂದರೆ ಒಂದೇ ಒಂದು ಚೀಲ ಹಿಡಿದು ನಮ್ಮ ಮನೆಗೆ ಬರುತ್ತಿದ್ದಳು. ಬಂದಷ್ಟು ದಿನವೂ ಅವಳ ಬಟ್ಟೆ ಅವಳೇ ಒಗೆದು, ತಟ್ಟೆ ಅವಳೇ ತೊಳೆದು, ಹಾಸಿಗೆ ಸುತ್ತಿಟ್ಟು, ಅವಳು ಬಂದದ್ದೂ ಹೋದದ್ದೂ ಯಾರಿಗೂ ತಿಳಿಯಬಾರದು ಎನ್ನುವ ಹಾಗೆ ಇರುತ್ತಿದ್ದಳು. ತಿಳಿಯದೇ ಇರುತ್ತಿತ್ತೇ? ಕತ್ತಿನಲ್ಲಿ ವಿಷಲ್ ಇತ್ತಲ್ಲ!

ಆ ವಿಷಲ್ ನಿವೃತ್ತಿಯಾಗಲಿಲ್ಲ. ಹಾಲಿನವನನ್ನು ಕರೆಯಲು ಒಂದು ಊದು, ಬಸ್ಸು ನಿಲ್ಲಿಸಲು ಎರಡು ಊದು. ಅವಳು ಊದಿದರೆ ಬಸ್ಸಿನ ಡ್ರೈವರ್ ಬ್ರೇಕ್ ಹಾಕುವುದಷ್ಟೇ ಅಲ್ಲ, ಸೀಟಿನಲ್ಲಿ ನೆಟ್ಟಗೆ ಕೂರುತ್ತಿದ್ದ. ಅವನೂ ಅವಳ ಕೈಯಲ್ಲೇ ಡ್ರಿಲ್ ಮಾಡಿದವನು. ಕೊಡಗಿನಲ್ಲಿ ನಲವತ್ತು ದಾಟಿದ ಯಾವ ಗಂಡಸಿನ ಮುಂದಾದರೂ ಹೋಗಿ "ಅಟೆನ್‌ಷನ್!" ಎಂದು ಕೂಗಿ ನೋಡಿ. ಅವನ ಹಿಮ್ಮಡಿ ತನ್ನಷ್ಟಕ್ಕೆ ಕೂಡಿಕೊಂಡರೆ ಅವನು ನಮ್ಮ ಚಿಕ್ಕಮ್ಮನ ಶಿಷ್ಯ.

ಗೃಹಪ್ರವೇಶದ ಊಟ ಮುಗಿದ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಾ ಅಕ್ಕ ತಂಗಿ ಇಬ್ಬರೂ ಪಂದ್ಯ ಕಟ್ಟಿದರು. ಅಮ್ಮನದು ನೇರವಾದ ಮಾತು.

"ಬರೋ ಯುಗಾದಿ ಒಳಗೆ ಈ ಅಂಗಳದಲ್ಲಿ ಬಣ್ಣ ಅನ್ನೋದು ಕಾಣಬೇಕು. ಕಾಣಲಿಲ್ವಾ, ಬಾಯಿ ಮುಚ್ಕೊಂಡು ಮನೆ ಬಾಡಿಗೆಗೆ ಕೊಟ್ಟು ನಮ್ಮ ಜೊತೆ ಬಂದು ಇರಬೇಕು. ಈ ಸುಡುಗಾಡಲ್ಲಿ ಒಬ್ಬಳೇ ಇರೋಕೆ ನಾನು ಬಿಡಲ್ಲ."

"ಕಂಡರೆ?"

"ಕಂಡರೆ ನಾನು ಆ ಸುದ್ದೀನೇ ಎತ್ತಲ್ಲ."

"ಒಂದು ಷರತ್ತು. ಗಿಡಕ್ಕೆ ನಾನು ನೀರು ಹೊರಲ್ಲ. ಮನೆ ಖರ್ಚಿಗೇ ನೀರು ಅಷ್ಟಕ್ಕಷ್ಟೆ. ಗಿಡಕ್ಕೆ ಹಾಕಿದರೆ ನನಗಿಲ್ಲ, ನನಗೆ ಹಾಕ್ಕೊಂಡರೆ ಗಿಡಕ್ಕಿಲ್ಲ."

"ನೀರಿಲ್ಲದೆ ಹೂವು ಬಿಡೋ ಗಿಡ ನಿನ್ನ ಡ್ರಿಲ್ ಪುಸ್ತಕದಲ್ಲಿ ಇರಬೇಕು!" ಎಂದು ಅಮ್ಮ ನಕ್ಕಳು. ಚಿಕ್ಕಮ್ಮ ನಗಲಿಲ್ಲ. ಕ್ರೀಡಾಕೂಟಕ್ಕೆ ಮುಂಚೆ ಅವಳ ಮುಖ ಹೇಗಿರುತ್ತಿತ್ತೋ ಹಾಗೆಯೇ ಇತ್ತು.

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಸೋಮವಾರಪೇಟೆಯಲ್ಲಿ ಸಣ್ಣ ಸ್ಟೇಷನರಿ ಅಂಗಡಿ ಇಟ್ಟುಕೊಂಡು, ಒಂದು ಹಳೆಯ ಓಮ್ನಿ ಓಡಿಸಿಕೊಂಡು ಯಾರ ಗೋಜಿಗೂ ಹೋಗದ ನಾನು, ಅಂದಿನಿಂದ ಈ ಪಂದ್ಯಕ್ಕೆ ಸಾಕ್ಷಿಯೂ ಆದೆ, ಸಾಮಾನು ಸಾಗಿಸುವವನೂ ಆದೆ, ಎರಡೂ ಕಡೆಯಿಂದ ಬೈಸಿಕೊಳ್ಳುವವನೂ ಆದೆ.

ಮೊದಲ ಓವರು ಅಮ್ಮನದೇ. ಪಂದ್ಯ ಕಟ್ಟಿದವಳೇ ಎದುರಾಳಿಗೆ ಗಿಡ ಕೊಡುವುದುಂಟೇ? ನಮ್ಮ ಅಮ್ಮ ಕೊಡುತ್ತಾಳೆ. ಅವಳಿಗೆ ತಂಗಿ ಸೋಲಬೇಕು, ಆದರೆ ತಂಗಿಯ ಅಂಗಳ ಬೋಳಾಗಿರಬಾರದು! ನಮ್ಮ ಮನೆ ಮುಂದಿನ ಡೇರೆ ಹೂವು, ಹೈಡ್ರೇಂಜಿಯ, ಬಿಗೋನಿಯ, ಆಂಥೂರಿಯಂ ಎಲ್ಲವನ್ನೂ ಕಿತ್ತು, ಬೇರಿಗೆ ಒದ್ದೆ ಗೋಣಿ ಸುತ್ತಿ, ಓಮ್ನಿ ತುಂಬ ಹೇರಿ ಕಳುಹಿಸಿದಳು. ಹಿಂದಿನ ಸೀಟಿನಲ್ಲಿ ಎಲೆಗಳು ತಲೆಯಾಡಿಸುವುದನ್ನು ಕನ್ನಡಿಯಲ್ಲಿ ನೋಡಿದಾಗ ಮದುವೆ ದಿಬ್ಬಣ ಕರೆದುಕೊಂಡು ಹೋಗುತ್ತಿದ್ದೇನೆ ಅನ್ನಿಸಿತು.

ವಧುಗಳು ಗಂಡನ ಮನೆಯಲ್ಲಿ ಬಾಳಲಿಲ್ಲ. ಹೈಡ್ರೇಂಜಿಯ ಬಂದ ದಿನ ಮಧ್ಯಾಹ್ನವೇ ಮೂರ್ಛೆ ಹೋಯಿತು. ಬಿಗೋನಿಯ ಅದರ ಪಕ್ಕದಲ್ಲೇ ಮಲಗಿತು. ಆಂಥೂರಿಯಂ ನೆರಳು ಹುಡುಕಿಕೊಂಡು ಓಡಲು ಕಾಲಿಲ್ಲವಲ್ಲಾ ಎಂದು ಕೊರಗಿ ಕೊರಗಿ ಕಂದುಬಣ್ಣಕ್ಕೆ ತಿರುಗಿತು. ಮುಂದಿನ ಸಲ ನಾನು ಹೋದಾಗ ಚಿಕ್ಕಮ್ಮ ಸಾಲಾಗಿ ಮಲಗಿದ್ದ ಗಿಡಗಳ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಎಲ್ಲಕ್ಕೂ ಟಿ.ಸಿ. ಕೊಟ್ಟಾಯ್ತು," ಅಂದಳು.

"ಸ್ವಲ್ಪ ನೀರು ಹಾಕಿದ್ದರೆ..."

"ನೋಡೋ, ಮಕ್ಕಳಲ್ಲಿ ಎರಡು ಜಾತಿ. ಒಂದು, ಓಡೋಕೆ ಮುಂಚೇನೇ ಗ್ಲುಕೋಸ್ ಕೇಳೋದು. ಇನ್ನೊಂದು, ಓಡಿ ಗೆದ್ದು ಬಂದು ಮೂಲೆಯಲ್ಲಿ ನಿಂತ್ಕೊಳ್ಳೋದು. ನಿಮ್ಮಮ್ಮನ ಗಿಡಗಳೆಲ್ಲ ಗ್ಲುಕೋಸ್ ಪಾರ್ಟಿ."

ಆಮೇಲೆ ಬಂದದ್ದು ಬಣ್ಣದ ಪ್ರಕರಣ. ಅಂಗಳಕ್ಕೆ ಬಣ್ಣ ಬರಬೇಕು ಎಂದಷ್ಟೇ ಅಕ್ಕ ಹೇಳಿದ್ದು, ಹೂವೇ ಬೇಕೆಂದು ಹೇಳಿಲ್ಲ ಎಂದು ಚಿಕ್ಕಮ್ಮನಿಗೆ ಒಂದು ದಿನ ಹೊಳೆಯಿತು. ವಕೀಲರಿಗೂ ಹೊಳೆಯದ ಪಾಯಿಂಟು! ಮರುದಿನವೇ ಕುಶಾಲನಗರದಿಂದ ಪೇಂಟಿನ ಡಬ್ಬಗಳು ಬಂದವು. ದಿಬ್ಬದ ಮೇಲಿನ ಗುಂಡುಕಲ್ಲುಗಳಿಗೆಲ್ಲ ಹಳದಿ, ನೀಲಿ, ಬಿಳಿ ಬಳಿದಳು. ಗೇಟಿನ ಪಕ್ಕ ನೆಟ್ಟಗೆ ನಿಂತಿದ್ದ ಒಂದು ಉದ್ದ ಕಲ್ಲಿಗೆ ಮಾತ್ರ ಕಡು ಕೆಂಪು.

ನಮ್ಮ ನಾಡಿನಲ್ಲಿ ನೆಟ್ಟಗೆ ನಿಂತ ಕಲ್ಲಿಗೆ ಕೆಂಪು ಬಣ್ಣ ಬಳಿದರೆ ಏನಾಗುತ್ತದೆಂದು ಅಷ್ಟು ವರ್ಷ ಪಾಠ ಮಾಡಿದವಳಿಗೆ ಗೊತ್ತಿರಬೇಡವೇ?

ಮೊದಲು ಎದುರು ಮನೆಯ ಗೌರಮ್ಮ ಬಂದಳು. ಗೌರಮ್ಮನಿಗೆ ಒಂದು ಹಿಂಡು ಆಡುಗಳಿದ್ದವು, ಆ ಆಡುಗಳಷ್ಟೇ ಭಕ್ತಿಯೂ ಇತ್ತು. ಕಲ್ಲಿಗೆ ಒಂದು ಚಿಟಿಕೆ ಕುಂಕುಮ ಇಟ್ಟು ಹೋದಳು. ಮಂಗಳವಾರ ಒಂದು ನಿಂಬೆಹಣ್ಣು ಬಂತು. ಶುಕ್ರವಾರ ಊದಿನಕಡ್ಡಿ. ಅಮಾವಾಸ್ಯೆಗೆ ಯಾರೋ ದೂರದವರು ತೆಂಗಿನಕಾಯಿ ಒಡೆದು, ಅರ್ಧ ಹೋಳು ಅಲ್ಲೇ ಬಿಟ್ಟು ಹೋಗಿದ್ದರು. ಚಿಕ್ಕಮ್ಮ ಗೇಟಿಗೆ ಬಂದು ಜೋರಾಗಿ ವಿಷಲ್ ಊದಿದಳು. ನೆರೆದವರು ಇದು ಅಮ್ಮನವರಿಗೆ ವಾದ್ಯಸೇವೆ ಎಂದುಕೊಂಡು ಕೈಮುಗಿದರು.

ರೇಗಿಹೋಗಿ ಆ ಕಲ್ಲಿಗೆ ಚಿಕ್ಕಮ್ಮ ರಾತ್ರೋರಾತ್ರಿ ಹಸಿರು ಬಣ್ಣ ಹೊಡೆದಳು.

ಬೆಳಿಗ್ಗೆ ಗೌರಮ್ಮ ಕಲ್ಲಿನ ಮುಂದೆ ನಿಂತು ಕೆನ್ನೆ ಕೆನ್ನೆ ಬಡಿದುಕೊಂಡಳು. "ಮಿಸ್ಸೇ, ಬಂದು ನೋಡ್ರವ್ವಾ! ಅಮ್ಮ ಸೀರೆ ಬದಲಾಯಿಸ್ಕಂಡವ್ಳೆ!"

ಈ ಸುದ್ದಿಯನ್ನು ನಾನು ಅಮ್ಮನಿಗೆ ವರದಿ ಮಾಡಿದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಲೂ ಇಲ್ಲ. "ಅಂತೂ ಆ ನೆಲದಲ್ಲಿ ದೇವರು ಬೆಳೆದ, ಒಂದು ಹೂವೂ ಬೆಳೀಲಿಲ್ಲ ಅಂತಾಯ್ತು," ಅಂದಳು.

ನಾನು ಈ ಮಾತನ್ನು ಹಾಗೆಯೇ ಶಿರಂಗಾಲಕ್ಕೆ ತಲುಪಿಸಿದೆ. ನನ್ನ ಕೆಲಸವೇ ಅದಲ್ಲವೇ? ಚಿಕ್ಕಮ್ಮನ ಮೂಗಿನ ತುದಿ ಕೆಂಪಾಯಿತು. "ನಡಿ, ಗಾಡಿ ತೆಗಿ," ಅಂದಳು.

ಕುಶಾಲನಗರದಲ್ಲಿ ಒಂದು ನರ್ಸರಿ. ಅದರ ಮಾಲೀಕ ಮಲಯಾಳಿ, ಸಂಭಾವಿತ. ಚಿಕ್ಕಮ್ಮ ಗಿಡಗಳ ಸಾಲಿನ ನಡುವೆ ತಪಾಸಣೆ ಮಾಡುತ್ತಾ ಹೋಗಿ, ಒಂದು ವಿಚಿತ್ರ ಗಿಡದ ಮುಂದೆ ನಿಂತಳು. ಬುಡ ಗಡಿಗೆಯ ಹಾಗೆ ಊದಿಕೊಂಡಿತ್ತು, ತುದಿಯಲ್ಲಿ ಗುಲಾಬಿ ಬಣ್ಣದ ಹೂ ಗೊಂಚಲು.

"ಮೇಡಂ, ಅದು ಅಡೀನಿಯಂ. ಮರುಭೂಮಿದ್ದು ಗಿಡ," ಅಂದ ಅವನು.

"ನೀರು?"

"ಜಾಸ್ತಿ ಕೊಟ್ಟರೆ ಸತ್ತೋಗ್ತದೆ."

ಚಿಕ್ಕಮ್ಮನ ಕಣ್ಣು ಅರಳಿತು. "ನೆರಳು?"

"ಬೇಡವೇ ಬೇಡ. ಬಿಸಿಲಲ್ಲಿ ಇಟ್ಟುಬಿಡಿ, ಮತ್ತೆ ಮರೆತುಬಿಡಿ."

"ಕೇಳಿದೆಯೇನೋ?" ಎಂದು ಚಿಕ್ಕಮ್ಮ ನನ್ನ ಕಡೆ ತಿರುಗಿದಳು. "ನೀರು ಕೇಳಲ್ಲ, ನೆರಳು ಕೇಳಲ್ಲ, ಮರೆತರೂ ಮುನಿಸಿಕೊಳ್ಳಲ್ಲ. ಇಂಥ ಗಂಡು ತೋರಿಸಿದ್ದರೆ ನಾನು ಮದುವೆ ಬೇಡ ಅಂತಿದ್ನಾ?"

ನರ್ಸರಿಯವನಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಪಾಪ, ಗಿಡವನ್ನು ಮಾತ್ರ ಮಗಳನ್ನು ಒಪ್ಪಿಸಿಕೊಡುವವನ ಹಾಗೆ ಎರಡೂ ಕೈಯಿಂದ ಎತ್ತಿ ಕೊಟ್ಟ.

ಅಡೀನಿಯಂ ಒಂದೇ ಗಿಡದಿಂದ ದಿಬ್ಬಕ್ಕೆ ಬಣ್ಣ ಬಂದೀತೇ? ಉಳಿದದ್ದಕ್ಕೆ ಚಿಕ್ಕಮ್ಮ ಆಯ್ಕೆ ಶಿಬಿರ ನಡೆಸಿದಳು. ನಿಯಮ ಒಂದೇ: ಯಾರೂ ನೀರು ಹಾಕದ, ಯಾರೂ ತಿರುಗಿ ನೋಡದ ಜಾಗದಲ್ಲಿ ಹೂ ಬಿಟ್ಟು ನಿಂತಿರುವ ಗಿಡಕ್ಕೆ ಮಾತ್ರ ತಂಡದಲ್ಲಿ ಸ್ಥಾನ. ನಾವು ಓಮ್ನಿಯಲ್ಲಿ ಊರೂರು ಸುತ್ತಿದೆವು. ಮುಚ್ಚಿದ ಅಕ್ಕಿ ಗಿರಣಿಯ ಹಿಂದೆ ರತ್ನಗಂಧಿ ಸಿಕ್ಕಿತು, ಕೆಂಪು ಹಳದಿ ಬೆರೆತು ಉರಿಯುತ್ತಿತ್ತು. ಸ್ಮಶಾನದ ಬೇಲಿಯಲ್ಲಿ ಕಣಗಿಲೆ. ಬಸ್ ಸ್ಟ್ಯಾಂಡಿನ ಗೋಡೆಯ ಬಿರುಕಿನಲ್ಲಿ ನಿತ್ಯಪುಷ್ಪ. ಅದರ ಬೇರಿಗೆ ಮಣ್ಣೂ ಇರಲಿಲ್ಲ, ಸಿಮೆಂಟು ತಿಂದು ಬದುಕಿತ್ತೋ ಏನೋ. ಚಿಕ್ಕಮ್ಮ ಅದರ ಬೆನ್ನು ತಟ್ಟದೆ ಉಳಿದದ್ದೇ ಹೆಚ್ಚು.

ಕಾಗದದ ಹೂವಿನ ಕಡ್ಡಿಗೋಸ್ಕರ ಹೆದ್ದಾರಿಯ ನಡುವಿನ ಡಿವೈಡರ್ ಹತ್ತಿದಳು. ಅರವತ್ತು ದಾಟಿದ ಹೆಂಗಸು, ಸೀರೆ ಎತ್ತಿ ಕಟ್ಟಿ, ಕೈಯಲ್ಲಿ ಕತ್ತರಿ. ನಾನು ಗಾಡಿಯಲ್ಲಿ ಕುಳಿತು ಕಂಡ ದೇವರಿಗೆಲ್ಲ, ಹಸಿರು ಸೀರೆಯ ಕಲ್ಲಿನಮ್ಮನಿಗೂ ಸೇರಿಸಿ, ಹರಕೆ ಹೊರುತ್ತಿದ್ದೆ. ಅಷ್ಟರಲ್ಲಿ ಟ್ರಾಫಿಕ್ ನೋಡಿಕೊಳ್ಳುವವನೊಬ್ಬ ಲಾಠಿ ಬೀಸುತ್ತಾ ಬಂದ. ಹತ್ತಿರ ಬಂದವನೇ ಲಾಠಿ ಕಂಕುಳಿಗೆ ಸೇರಿಸಿ ಹಿಮ್ಮಡಿ ಜೋಡಿಸಿದ.

"ನಮಸ್ತೆ ಮಿಸ್!"

ಚಿಕ್ಕಮ್ಮ ಮೇಲಿನಿಂದಲೇ ಅವನನ್ನು ಅಳೆದಳು. "ಹೊಟ್ಟೆ ಒಳಗೆ ಎಳ್ಕೊಳ್ಳೋ. ಲಾಂಗ್ ಜಂಪ್‌ನಲ್ಲಿ ಫಸ್ಟ್ ಬರ್ತಿದ್ದವನು, ಈಗ ಈ ಕಟ್ಟೆ ದಾಟ್ತೀಯಾ ನೀನು?"

ಅವನು ಹೊಟ್ಟೆ ಎಳೆದುಕೊಂಡ. ಕಡ್ಡಿಗಳೆಲ್ಲ ಗಾಡಿ ಸೇರುವವರೆಗೂ ಉಸಿರು ಬಿಡದೆ ಹಾಗೇ ನಿಂತಿದ್ದ.

ಇಷ್ಟೆಲ್ಲ ಪ್ರತಿಭಾವಂತರ ನಡುವೆ ಚಿಕ್ಕಮ್ಮನ ಅಚ್ಚುಮೆಚ್ಚಿನ ಶಿಷ್ಯ ಯಾರು ಗೊತ್ತೇ? ಹತ್ತು ಗಂಟೆ ಹೂವು. ನೆಲಕ್ಕೆ ಅಂಟಿಕೊಂಡು ಹರಡುವ ಪುಟ್ಟ ಗಿಡ, ಎಲೆ ಸಣ್ಣ ಸಣ್ಣ ಹುರುಳಿಕಾಯಿಯ ಹಾಗೆ. ಬಿಸಿಲು ಏರಿ ಗಂಟೆ ಹತ್ತಾಯಿತೆಂದರೆ ಗುಲಾಬಿ, ಕೇಸರಿ, ಹಳದಿ ಹೂಗಳು ಒಟ್ಟಿಗೇ ಬಾಯಿ ಬಿಡುತ್ತವೆ. ಇಷ್ಟು ವರ್ಷ ಪ್ರಾರ್ಥನೆಗೆ ಸರಿಯಾದ ಸಮಯಕ್ಕೆ ಬನ್ನಿ ಎಂದು ಗಂಟಲು ಹರಿದುಕೊಂಡರೂ ಬಾರದ ಮಕ್ಕಳನ್ನು ಕಂಡವಳಿಗೆ ಇದಕ್ಕಿಂತ ಏನು ಬೇಕು! ದಿನವೂ ಆ ಹೊತ್ತಿಗೆ ಹೊರಗೆ ಬಂದು, ಒಂದು ವಿಷಲ್ ಊದಿ, ಹೂ ಅರಳಿದ್ದು ತಾನು ಊದಿದ್ದರಿಂದಲೇ ಎನ್ನುವ ಗತ್ತಿನಲ್ಲಿ ಒಳಗೆ ಹೋಗುತ್ತಿದ್ದಳು.

ಆದರೆ ವಿಷಲ್ ಕೇಳಿಸಿಕೊಳ್ಳುತ್ತಿದ್ದದ್ದು ಹೂವಲ್ಲ, ಗೌರಮ್ಮನ ಆಡುಗಳು. ಮಿಸ್ಸು ಊದಿದರೆ ಅಂಗಳದಲ್ಲಿ ಹೊಸದೇನೋ ತಿನ್ನಲು ಬಂದಿದೆ ಎಂದು ಅವು ಕಲಿತುಬಿಟ್ಟವು. ಚಿಕ್ಕಮ್ಮ ಊದಿದ ಕೂಡಲೇ ದಿಬ್ಬದ ನಾಲ್ಕೂ ಕಡೆಯಿಂದ ಆಡುಗಳು ಓಡಿಬಂದು ಸಾಲಾಗಿ ನಿಲ್ಲುತ್ತಿದ್ದವು. ಓಡಿಸಲು ಮತ್ತೆ ಊದಿದರೆ ಇನ್ನಷ್ಟು ಬರುತ್ತಿದ್ದವು!

"ಇಷ್ಟು ಶಿಸ್ತಿನ ಬ್ಯಾಚು ನನಗೆ ಸರ್ವಿಸ್‌ನಲ್ಲಿ ಒಂದು ವರ್ಷಾನೂ ಸಿಗಲಿಲ್ಲ ಕಣೋ," ಎಂದು ನನ್ನ ಹತ್ತಿರ ಗುಟ್ಟಾಗಿ ಹೇಳಿದಳು. ದುಃಖದಲ್ಲಿ ಹೇಳಿದಳೋ ಹೆಮ್ಮೆಯಲ್ಲಿ ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಡುಗಳು ನಿತ್ಯಪುಷ್ಪವನ್ನು ಮೂಸಿ ಕಹಿಯೆಂದು ಬಿಟ್ಟವು. ವಿಷದ ಕಣಗಿಲೆಯ ಹತ್ತಿರ ಸುಳಿಯಲಿಲ್ಲ. ಕಾಗದದ ಹೂವಿನ ಎಳೆಯ ಚಿಗುರನ್ನು ಒಂದೆರಡು ಸಲ ಸವರಿದವು. ಮುಳ್ಳು ಬಲಿತ ಮೇಲೆ ಅದೂ ನಿಂತಿತು. ಹೀಗೆ ಮಳೆಯಿಂದ, ಬಿಸಿಲಿನಿಂದ, ಆಡುಗಳಿಂದ ಸೋಸಿ ಉಳಿದವಷ್ಟೇ ಬೇರೂರಿದವು. ಚಳಿ ಕಳೆದು ಬಿಸಿಲು ಬಲಿಯುತ್ತಿದ್ದ ಹಾಗೆ ಆ ಬೋಳು ದಿಬ್ಬಕ್ಕೆ ಏನಾಯಿತು ಅಂತೀರಿ! ಸುತ್ತಲಿನ ಹೊಲಗಳೆಲ್ಲ ಕೊಯ್ಲಾಗಿ ಬೂದುಬಣ್ಣಕ್ಕೆ ತಿರುಗಿದ್ದ ಸಮಯ. ಚಿಕ್ಕಮ್ಮನ ಬೇಲಿಯ ಮೇಲೆ ಕಾಗದದ ಹೂವು ಕಡುಗೆಂಪಾಗಿ ಹೊರಳಾಡುತ್ತಿತ್ತು. ಬಸ್ಸಿನಲ್ಲಿ ಹೋಗುವವರು ಕುತ್ತಿಗೆ ತಿರುಗಿಸಿ ನೋಡತೊಡಗಿದರು.

ನಾನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋಗಿ ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು, ತೆಗೆದೂ ನೋಡಿದಳು.

"ಮೊಬೈಲಲ್ಲಿ ಬಣ್ಣ ಹಚ್ಚಿದ್ದೀರಾ."

"ಇಲ್ಲಮ್ಮಾ, ನಿಜವಾದ ಹೂವು."

"ಅದು ಕಾಗದದ ಹೂವಲ್ವಾ? ಕಾಗದ ಅಂದ ಮೇಲೆ ನಿಜ ಹೇಗಾಯ್ತು? ಲೆಕ್ಕಕ್ಕಿಲ್ಲ."

"ಒಂದ್ಸಲ ಬಂದು ನೋಡು."

"ಯುಗಾದಿಗೆ ಬರ್ತೀನಿ. ಅವಳನ್ನ ಕರ್ಕೊಂಡು ಬರೋಕೆ," ಎಂದು ಎದ್ದು ಹೋದಳು. ಆದರೆ ಅವತ್ತು ಸಂಜೆ ಮಹಡಿಯ ಕೋಣೆಯಲ್ಲಿ ಧೂಳು ಹೊಡೆಯುವ ಸದ್ದು ಕೇಳಿಸಿತು. ತಂಗಿ ಸೋಲಲಿ, ಬರಲಿ ಎಂದು ಕೋಣೆ ತಯಾರಾಗುತ್ತಿತ್ತು. ಕಿಟಕಿಗೆ ಹೊಸ ಪರದೆ ಹೊಲಿಸಿದ್ದೂ ಆಮೇಲೆ ಕಣ್ಣಿಗೆ ಬಿತ್ತು.

ಹಬ್ಬಕ್ಕೆ ಇನ್ನೂ ಸ್ವಲ್ಪ ದಿನ ಇರುವಾಗ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುತ್ತಿದ್ದ ನನಗೆ ಗೌರಮ್ಮನ ಫೋನು ಬಂತು.

"ಅಣ್ಣಾ, ಮಿಸ್ಸು ಕೈ ಮುರ್ಕಂಡವ್ರೆ. ಯಾರ್ಗೂ ಹೇಳ್ಬ್ಯಾಡ ಅಂದವ್ರೆ. ಅದ್ಕೆ ನಾನು ಹೇಳ್ತಿಲ್ಲ. ನೀವೂ ಕೇಳಿಸ್ಕಂಡಿಲ್ಲ, ಆಯ್ತಾ?"

ಕೇಳಿಸಿಕೊಳ್ಳದೆಯೇ ವಿಷಯ ತಿಳಿದುಕೊಂಡೆ. ಹೊಸ ಆಡುಮರಿಯೊಂದು ಅಡೀನಿಯಂಗೆ ಬಾಯಿ ಹಾಕಲು ಹೋಗಿದೆ. ಚಿಕ್ಕಮ್ಮ ನೂರು ಮೀಟರ್ ಓಟದ ವೇಗದಲ್ಲಿ ಅಟ್ಟಿಸಿಕೊಂಡು ಹೋಗಿದ್ದಾಳೆ. ಜಲ್ಲಿಯ ಮೇಲೆ ಕಾಲು ಜಾರಿ, ಬಲಗೈ ಊರಿ ಬಿದ್ದಿದ್ದಾಳೆ. ಬಿದ್ದವಳು ಎದ್ದು, ಮುರಿದ ಕೈಯನ್ನು ಟವೆಲಿನಲ್ಲಿ ಕತ್ತಿಗೆ ತೂಗುಹಾಕಿಕೊಂಡು, ಎಡಗೈಯಲ್ಲಿ ಬಾಗಿಲಿಗೆ ಬೀಗ ಹಾಕಿ, ವಿಷಲ್ ಊದಿ ಬಸ್ಸು ನಿಲ್ಲಿಸಿ, ಒಬ್ಬಳೇ ಆಸ್ಪತ್ರೆಗೆ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದಿದ್ದಾಳೆ. ಇದು ಆಗಿ ವಾರವೇ ಆಗಿತ್ತು. ಆ ವಾರದಲ್ಲಿ ನನ್ನ ಜೊತೆ ಫೋನಿನಲ್ಲಿ ಮಾತಾಡುವಾಗ "ಎಲ್ಲ ಫಸ್ಟ್ ಕ್ಲಾಸ್" ಅಂದಿದ್ದಳು!

ಅಮ್ಮನಿಗೆ ಹೇಳಿದೆ. ಮಂಡಿ ನೋವೆಂದು ನಮ್ಮ ಮನೆಯ ಮೆಟ್ಟಿಲನ್ನೇ ಹಿಡಿದು ಹಿಡಿದು ಇಳಿಯುವವಳು, ನಾನು ಕೀಲಿಕೈ ಹುಡುಕುವಷ್ಟರಲ್ಲಿ ಎರಡು ಸೀರೆ, ಒಂದು ಬಾಟಲಿ ಕೊಬ್ಬರಿ ಎಣ್ಣೆ, ಸೀಗೆಪುಡಿಯ ಡಬ್ಬಿ ಚೀಲಕ್ಕೆ ತುಂಬಿಕೊಂಡು ಓಮ್ನಿಯಲ್ಲಿ ಕುಳಿತಿದ್ದಳು. ದಾರಿಯುದ್ದಕ್ಕೂ ಕಿಟಕಿಯ ಕಡೆಯೇ ಮುಖ.

ನಾವು ತಲುಪಿದಾಗ ನೆತ್ತಿಯ ಮೇಲೆ ಬಿಸಿಲು. ಅಮ್ಮ ಗಾಡಿಯಿಂದಿಳಿದು ಗೇಟಿನಲ್ಲಿ ನಿಂತಳು. ಬೇಲಿಯ ತುಂಬ ಕಾಗದದ ಹೂವು, ಅದರ ಕೆಳಗೆ ಕಣಗಿಲೆಯ ಸಾಲು, ರತ್ನಗಂಧಿಯ ಬೆಂಕಿ, ಕಲ್ಲುಕಲ್ಲಿನ ಸಂದಿಯಲ್ಲೂ ಹತ್ತು ಗಂಟೆ ಹೂವು. ಅವಳು ನೋಡಿದಳು. ಸೆರಗಿನಿಂದ ಹಣೆ ಒರೆಸಿಕೊಂಡಳು.

ಚಿಕ್ಕಮ್ಮ ಬಾಗಿಲಿಗೆ ಬಂದಳು. ಯಾವುದೋ ಹಳೆಯ ಕ್ರೀಡಾಕೂಟದ ಟೀ ಶರ್ಟು, ಟ್ರ್ಯಾಕ್ ಪ್ಯಾಂಟು. ಒಂದು ಕೈಯಲ್ಲಿ ಸೀರೆ ಉಡುವುದು ಹೇಗೆ? ಸೊಂಟ ಮುಟ್ಟುವ ಕೂದಲು ಬಾಚದೆ ಜಡೆಗಟ್ಟಿ ಹಕ್ಕಿಯ ಗೂಡಾಗಿತ್ತು. ಅಡುಗೆಮನೆಯಲ್ಲಿ ಬ್ರೆಡ್ಡಿನ ಖಾಲಿ ಕವರುಗಳು ಕಾಣುತ್ತಿದ್ದವು.

"ಗೌರಮ್ಮ ಹೇಳಿದ್ಲಾ?" ಎಂದು ನನ್ನನ್ನು ಗದರಿದಳು.

"ಅವಳು ಹೇಳಿಲ್ಲ, ನಾನು ಕೇಳಿಸ್ಕೊಂಡೂ ಇಲ್ಲ," ಅಂದೆ.

ಅಮ್ಮ ನನ್ನನ್ನು ಬದಿಗೆ ಸರಿಸಿ ಮೆಟ್ಟಿಲು ಹತ್ತಿದಳು. "ಯಾಕೇ ಹೇಳ್ಲಿಲ್ಲ?"

"ಹೇಳಿದ್ದರೆ ನೀನು ಗೆದ್ದಂಗೆ ಆಗ್ತಿತ್ತು."

"ಪಂದ್ಯದಲ್ಲಿ ಬಣ್ಣದ ಮಾತಿತ್ತು. ಕೈಯ ಮಾತೆಲ್ಲಿತ್ತು?"

"ಒಬ್ಬಳೇ ಇರೋಕೆ ಆಗಲ್ಲ ಅಂತ ತಾನೇ ನೀನು ಹೇಳಿದ್ದು? ನೋಡು, ಇದ್ದೀನಿ. ಊಟ ಮಾಡ್ತಿದ್ದೀನಿ. ಎಡಗೈಯಲ್ಲಿ ಎಲ್ಲ ಆಗ್ತದೆ. ಯಾರೂ ಬರೋದು ಬೇಕಾಗಿರಲಿಲ್ಲ."

ಹೇಳುತ್ತಾ ಹೇಳುತ್ತಾ ಹಣೆಯ ಮೇಲೆ ಬಿದ್ದ ಕೂದಲನ್ನು ಎಡಗೈಯಿಂದ ಹಿಂದಕ್ಕೆ ತಳ್ಳಿದಳು. ಅದು ಮತ್ತೆ ಕಣ್ಣಿನ ಮೇಲೆ ಬಿತ್ತು. ಮತ್ತೆ ತಳ್ಳಿದಳು, ಮತ್ತೆ ಬಿತ್ತು. ಸಿಟ್ಟಿನಿಂದ ಮುಖ ಆ ಕಡೆ ತಿರುಗಿಸಿದಳು. ನಮ್ಮ ಪೀಟಿ ಚಿಕ್ಕಮ್ಮನ ಗಲ್ಲ ನಡುಗುವುದನ್ನು ನಾನು ಅವತ್ತೇ ಮೊದಲು ಕಂಡದ್ದು.

ಅಮ್ಮ ಚೀಲ ಕೆಳಗಿಟ್ಟಳು. "ಆಯ್ತು. ನೀನೇ ಗೆದ್ದೆ. ಅಂಗಳ ನೋಡ್ದೆ, ನನ್ನ ತೋಟಕ್ಕಿಂತ ಚೆನ್ನಾಗಿದೆ. ಇನ್ನು ಬಾ ಅಂತ ಕರೆಯಲ್ಲ. ಗೆದ್ದೋರಿಗೆ ಸ್ನಾನ ಮಾಡಿಸಬಾರದು ಅಂತ ನಿನ್ನ ರೂಲ್ಸಲ್ಲಿ ಏನಾದ್ರೂ ಇದೆಯಾ?"

ಚಿಕ್ಕಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಅಮ್ಮ ಅವಳನ್ನು ಜಗುಲಿಯಲ್ಲಿ ಕೂರಿಸಿ, ಹಿಂದೆ ಕುಳಿತು, ಎಣ್ಣೆ ಹಚ್ಚಿ ಒಂದೊಂದೇ ಸಿಕ್ಕು ಬಿಡಿಸಿದಳು. ಪ್ಲಾಸ್ಟರಿಗೆ ನೀರು ತಾಗದ ಹಾಗೆ ಪ್ಲಾಸ್ಟಿಕ್ ಚೀಲ ಸುತ್ತಿ ಕಟ್ಟುವ ಕೆಲಸ ನನ್ನದಾಯಿತು. ಆಮೇಲೆ ಇಬ್ಬರೂ ಬಚ್ಚಲುಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಹಿತ್ತಲಿನ ಕಟ್ಟೆಯ ಮೇಲೆ ಕುಳಿತೆ.

ಒಳಗಿನಿಂದ ಜಗಳ ಕೇಳಿಸುತ್ತಿತ್ತು.

"ಕಣ್ಣಿಗೆ ಸೀಗೆ ಹೋಯ್ತು! ಸಾಕು ಬಿಡು!"

"ಅಲ್ಲಾಡಬೇಡ. ಅಮ್ಮ ಹೋದ ಮೇಲೆ ನಿನ್ನ ತಲೆ ಉಜ್ಜಿದೋಳು ನಾನೇ. ಆಗಲೂ ಹೀಗೇ ಊರೆಲ್ಲ ಕೇಳೋ ಹಾಗೆ ಕಿರುಚ್ತಿದ್ದೆ."

"ನೀನು ಆಗಲೂ ಹೀಗೇ ಚರ್ಮ ಸುಲೀತಿದ್ದೆ."

"ಬಗ್ಗು."

ಚೊಂಬಿನಿಂದ ನೀರು ಬೀಳುವ ಸದ್ದು. ಮತ್ತೊಂದು ಚೊಂಬು. ಮತ್ತೊಂದು. ಸ್ವಲ್ಪ ಹೊತ್ತು ಯಾರೋ ಮೂಗು ಎಳೆದುಕೊಳ್ಳುವುದು ಕೇಳಿಸಿತು. ಅಕ್ಕನೋ ತಂಗಿಯೋ, ಹೊರಗೆ ಕುಳಿತವನಿಗೆ ಹೇಗೆ ತಿಳಿಯಬೇಕು?

"ಸಾಕೇನೇ?" ಎಂದು ಅಮ್ಮ ಕೇಳಿದಳು.

ಒಳಗಿನಿಂದ ಬಂದ ದನಿಯನ್ನು ನಾನು ಮೊದಲು ಗುರುತಿಸಲೇ ಇಲ್ಲ, ಅಷ್ಟು ಮೆತ್ತಗಿತ್ತು.

"ಇನ್ನೊಂದು ಚೊಂಬು ಹಾಕೇ ಅಕ್ಕಾ."